ಮಾವನ ಮೊಪೆಡ್ಡು ಮತ್ತು ನನ್ನ ಇಪ್ಪತ್ತೊಂದು ಕಿಲೋಮೀಟರು

ನಮ್ಮ ಕಡೆ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಹಸು ಹಗ್ಗ ಕಿತ್ತುಕೊಂಡರೆ ಓಡುತ್ತಾರೆ, ಬಸ್ಸು ಹೊರಟುಬಿಟ್ಟರೆ ಓಡುತ್ತಾರೆ, ಯಾರ ಮನೆಯಲ್ಲಾದರೂ ಹೆಚ್ಚುಕಡಿಮೆಯಾಯಿತೆಂದರೆ ಓಡುತ್ತಾರೆ. ಆದ್ದರಿಂದ ಊರಿನ ಹಸುಗಳೆಲ್ಲವೂ ಶಾಂತವಾಗಿ ಮೆಲುಕು ಹಾಕುತ್ತಿದ್ದ ಒಂದು ಬೆಳಿಗ್ಗೆ, ಮೂವತ್ತಾರು ವರ್ಷದ ನಾನು ಚಡ್ಡಿ ತೊಟ್ಟು ಓಡಲಾರಂಭಿಸಿದಾಗ ಊರು ಗಾಬರಿಗೊಂಡದ್ದು ಊರಿನ ತಪ್ಪಲ್ಲ. ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದವರು ಎದ್ದು ನಿಂತರು. "ಏನ್ಲಾ, ಯಾರ್ಗೇನಾಯ್ತು?" ಎಂದು ಕೇಳುತ್ತಾ ಇಬ್ಬರು ನನ್ನ ಹಿಂದೆಯೇ ಓಡಿ ಬಂದರು. ನಾನು ನಿಂತು, ಯಾರಿಗೂ ಏನೂ ಆಗಿಲ್ಲವೆಂದೂ ಆರೋಗ್ಯಕ್ಕಾಗಿ ಓಡುತ್ತಿರುವೆನೆಂದೂ ವಿವರಿಸಿದೆ. "ಆರೋಗ್ಯ ಕೆಟ್ಟೈತಾ?" ಎಂದು ಒಬ್ಬರು ಕೇಳಿದರು. "ಇಲ್ಲ, ಕೆಡದೆ ಇರ್ಲಿ ಅಂತ" ಎಂದೆ. ಅವರು ಇನ್ನೊಬ್ಬರ ಕಡೆ ತಿರುಗಿ, "ಓದವ್ನೆ ಕಣ್ಲಾ, ಬುಡು" ಎಂದು ಸಮಾಧಾನಪಡಿಸಿ ಕರೆದುಕೊಂಡು ಹೋದರು.

ಈ 'ಓದವ್ನೆ' ಎಂಬ ಮಾತು ನನ್ನ ಜೀವನದ ಪೀಡೆ. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಸರಿಯಾದುದನ್ನು ಮಾಡಿದರೆ 'ಓದವ್ನೆ, ಮಾಡ್ದೆ ಇರ್ತಾನಾ' ಎನ್ನುತ್ತಾರೆ. ತಪ್ಪು ಮಾಡಿದರೆ 'ಓದವ್ನೆ, ಇಷ್ಟೂ ಗೊತ್ತಿಲ್ವಾ' ಎನ್ನುತ್ತಾರೆ. ಹೀಗಾಗಿ ತಪ್ಪು ಮಾಡುವ ಭಯವು ನನ್ನೊಳಗೆ ಬಾಡಿಗೆಯಿಲ್ಲದ ಬಿಡಾರ ಹೂಡಿದೆ. ಬಸ್ಸು ಹತ್ತಿದ ಮೇಲೆ ಬೋರ್ಡನ್ನು ನೋಡಿದ್ದೆನೋ ಇಲ್ಲವೋ ಎಂದು ಇಳಿದು ಮತ್ತೊಮ್ಮೆ ನೋಡಿ, ಅಷ್ಟರಲ್ಲಿ ಸೀಟು ಕಳೆದುಕೊಂಡವನು ನಾನು. ದಿನಸಿಯ ಪಟ್ಟಿಯನ್ನು ಸಹ 'ವಿಷಯ: ತೊಗರಿಬೇಳೆ ಇತ್ಯಾದಿ ಸಾಮಗ್ರಿಗಳ ಬಗ್ಗೆ' ಎಂದು ಆರಂಭಿಸಿದ್ದನ್ನು ಅಂಗಡಿಯವರು ಇಂದಿಗೂ ಎತ್ತಿ ಆಡುತ್ತಾರೆ.

ಓಟದ ಮೂಲ ನಮ್ಮ ಕಚೇರಿ. ರಾಮನಗರದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಅಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ನಮ್ಮ ಶಾಖೆಯ ಐವರಿಗೆ ಸಕ್ಕರೆಯು ಗಡಿಯಲ್ಲಿ ನಿಂತಿರುವುದು ಪತ್ತೆಯಾಯಿತು. ಶಾಖೆಯ ಮುಖ್ಯಸ್ಥೆಯಾದ ಮೇಡಂ ಅವರು ಅಂದೇ ಒಂದು ವಾಟ್ಸಾಪ್ ಗುಂಪು ರಚಿಸಿ, ನಾಲ್ಕು ತಿಂಗಳ ನಂತರ ರಾಮನಗರದಿಂದ ಚನ್ನಪಟ್ಟಣದವರೆಗೆ ಹೋಗಿ ಬರುವ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಐವರ ಹೆಸರನ್ನೂ ನೋಂದಾಯಿಸಿದರು. ಪ್ರತಿದಿನ ಓಡಿದ ದೂರ ಹಾಗೂ ವೇಗವನ್ನು ಫೋನಿನಲ್ಲಿ ದಾಖಲಿಸಿ ಗುಂಪಿಗೆ ಹಾಕಬೇಕು. ಒಬ್ಬರನ್ನು ನೋಡಿ ಒಬ್ಬರಿಗೆ ಹುರುಪು ಬರಬೇಕು. ಮೊದಲ ವಾರ ಐದು ದಾಖಲೆಗಳು ಬಂದವು. ಎರಡನೆಯ ವಾರ ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಮಾವನವರ ತಿಥಿ. ಮೂರನೆಯ ವಾರದಲ್ಲಿ ಉಳಿದ ಇಬ್ಬರು 'ಶುಭೋದಯ' ಎಂದು ಹೂವಿನ ಚಿತ್ರ ಕಳುಹಿಸತೊಡಗಿದರು. ಕೊನೆಗೆ ಓಡುವವನು ನಾನೊಬ್ಬನೇ ಉಳಿದೆ. ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಹುರುಪಲ್ಲ, ಭಯ. ಮೇಡಂ ಅವರು ನನ್ನ ದಾಖಲೆಯ ಕೆಳಗೆ ಹೆಬ್ಬೆರಳಿನ ಗುರುತು ಹಾಕಿದರೆ ಕಡತ ಮಂಜೂರಾದಷ್ಟು ನೆಮ್ಮದಿ. ಹಾಕದಿದ್ದರೆ ಮಧ್ಯಾಹ್ನದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈಗ ನಾನು ಮುಖ್ಯ ತಪ್ಪೊಪ್ಪಿಗೆಗೆ ಬರಬೇಕು. ನಮ್ಮ ಊರಿನಿಂದ ಕೆಂಗಲ್ಲಿನ ಹಳೆಯ ಹೆದ್ದಾರಿಗೆ ಮೂರು ಕಿಲೋಮೀಟರಿನ ಮಣ್ಣು ಡಾಂಬರು ಬೆರೆತ ದಾರಿಯಿದೆ. ಆ ದಾರಿಯಲ್ಲಿ ಪರಿಚಿತರು ನಡೆದು ಹೋಗುತ್ತಿದ್ದರೆ ಗಾಡಿಯವರು ನಿಲ್ಲಿಸಿ ಹತ್ತಿಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ಹತ್ತಿಸಿಕೊಳ್ಳದಿದ್ದರೆ ಅವರಿಗೆ ಕೊಬ್ಬು, ಹತ್ತದಿದ್ದರೆ ನಮಗೆ ಕೊಬ್ಬು. ಪ್ರತಿ ಬೆಳಿಗ್ಗೆ ಆ ದಾರಿಯಲ್ಲಿ ಹಾಲಿನ ಕ್ಯಾನುಗಳನ್ನು ಡೈರಿಗೆ ಒಯ್ಯುವವರು ನಮ್ಮ ತಂದೆಯ ಗೆಳೆಯರಾದ ಬೋರೇಗೌಡರು. ನನಗೆ ಅವರು ಮಾವ. ನಾನು ಓಡಲಾರಂಭಿಸಿದ ನಾಲ್ಕನೆಯ ದಿನ ಅವರ ಮೊಪೆಡ್ಡು ನನ್ನ ಪಕ್ಕದಲ್ಲಿ ಬಂದು ಕೆಮ್ಮಿ ನಿಂತಿತು.

"ಹತ್ತ್ಲಾ."

"ಇಲ್ಲ ಮಾವ, ಓಡ್ತಾ ಇವ್ನಿ."

"ಕಾಣ್ತೈತೆ. ಅದ್ಕೇ ನಿಲ್ಸಿದ್ದು. ಹತ್ತು."

ಓದುಗರು ನನ್ನನ್ನು ದುರ್ಬಲನೆಂದು ಭಾವಿಸುವ ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. ಬೆಳಗಿನ ಬಸ್ಸು ನಮ್ಮೂರಿಗೆ ಬರುತ್ತಿರಲಿಲ್ಲ. ನನ್ನ ಪದವಿಯ ಮೂರು ವರ್ಷಗಳ ಪ್ರತಿ ಪರೀಕ್ಷೆಗೂ ಇದೇ ಮಾವ, ಇದೇ ಮೊಪೆಡ್ಡಿನ ಮೇಲೆ, ಇವೇ ಕ್ಯಾನುಗಳ ನಡುವೆ ನನ್ನನ್ನು ಕೂರಿಸಿಕೊಂಡು ಚನ್ನಪಟ್ಟಣದ ಕಾಲೇಜಿನ ಬಾಗಿಲಿಗೆ ಬಿಟ್ಟಿದ್ದರು. ನಾನು ಪರೀಕ್ಷೆ ಬರೆದದ್ದು ಹಾಲಿನ ವಾಸನೆಯ ಅಂಗಿಯಲ್ಲಿ. ಅಂಥವರ ಗಾಡಿಯನ್ನು ಯಾವ ಬಾಯಿಯಿಂದ ಬೇಡವೆನ್ನಲಿ? ಹತ್ತಿದೆ.

ಅಂದು ಫೋನಿನಲ್ಲಿ ಓಟದ ಲೆಕ್ಕವನ್ನು ನಿಲ್ಲಿಸಲು ಮರೆತೆ. ಎರಡನೆಯ ದಿನ ಮರೆಯಲಿಲ್ಲ. ಆದರೆ ಎರಡು ಕ್ಯಾನುಗಳ ನಡುವೆ ಸಿಕ್ಕಿಕೊಂಡವನಿಗೆ ಜೇಬಿಗೆ ಕೈ ಹಾಕುವ ಅನುಕೂಲವಿರಲಿಲ್ಲ. ಮೂರನೆಯ ದಿನ ಅನುಕೂಲವಿತ್ತು. ಆ ದಿನದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಡೈರಿಯ ಮುಂದೆ ಇಳಿದು, ಅಲ್ಲಿಂದ ಮನೆಗೆ ಪ್ರಾಮಾಣಿಕವಾಗಿ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದೆ. ಮೊಪೆಡ್ಡಿನ ವೇಗ ಮತ್ತು ನನ್ನ ವೇಗ ಬೆರೆತು ಬಂದ ಸರಾಸರಿಯು ನೋಡಲು ಎಷ್ಟು ಸಹಜವಾಗಿತ್ತೆಂದರೆ, ನಾನೇ ಒಂದೆರಡು ಬಾರಿ ನಂಬಿದೆ. 'ಕಿಲೋಮೀಟರಿಗೆ ನಾಲ್ಕೇ ನಿಮಿಷ' ಎಂದು ಮೇಡಂ ಅವರು ಗುಂಪಿನಲ್ಲಿ ಬರೆದರು. ಇದುವರೆಗೆ ನನ್ನ ಯಾವ ಟಿಪ್ಪಣಿಗೂ ಅವರು ಅಷ್ಟು ಮೆಚ್ಚುಗೆ ಸೂಚಿಸಿರಲಿಲ್ಲ. ತಿದ್ದುಪಡಿ ಕಳುಹಿಸಬೇಕೆಂದು ನಾನು ಮೂರು ಬಾರಿ ಕರಡು ಸಿದ್ಧಪಡಿಸಿದೆ. 'ಸದರಿ ವೇಗದ ಕುರಿತು ಈ ಮೂಲಕ ಸ್ಪಷ್ಟಪಡಿಸುವುದೇನೆಂದರೆ' ಎಂಬಲ್ಲಿಗೆ ಬಂದಾಗಲೆಲ್ಲ ಅಳಿಸಿದೆ.

ದಾರಿ ಬದಲಿಸುವ ಪ್ರಯತ್ನವನ್ನೂ ಮಾಡಿದೆ. ಹಿಪ್ಪುನೇರಳೆ ತೋಟಗಳ ನಡುವಿನ ಬದುವಿನ ಮೇಲೆ ಎರಡು ದಿನ ಓಡಿದೆ. ಮೊದಲ ದಿನ ನಾಯಿ ಅಟ್ಟಿಸಿಕೊಂಡು ಬಂತು. ನನ್ನ ಸ್ವಂತ ಕಾಲಿನ ಅತ್ಯುತ್ತಮ ವೇಗ ದಾಖಲಾದದ್ದು ಅಂದೇ. ಎರಡನೆಯ ಸಂಜೆ ಮಾವ ನೇರವಾಗಿ ಮನೆಗೆ ಬಂದು ಕಂಬಕ್ಕೆ ಒರಗಿ ಕುಳಿತರು. "ನಿನ್ ಮಗ ನನ್ ಗಾಡಿ ಸದ್ದು ಕೇಳಿದ್ರೆ ಬದಕ್ಕೆ ಇಳೀತಾನಂತಲ್ಲವ್ವ" ಎಂದು ಅವ್ವನಿಗೆ ಹೇಳಿದರು. ನಗುತ್ತಲೇ ಹೇಳಿದರಾದರೂ ಅವ್ವ ತಂದಿಟ್ಟ ಕಾಫಿಯನ್ನು ಆರುವವರೆಗೂ ಮುಟ್ಟಲಿಲ್ಲ. ಅವರು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು: "ಪರೀಕ್ಸೆಗೆ ಹೊತ್ಕೊಂಡೋದ ಗಾಡಿ ಈಗ ನಾತ ಹೊಡಿತದಾ ನಿಂಗೆ?" ಮರುದಿನ ನಾನು ಮತ್ತೆ ಕ್ಯಾನುಗಳ ನಡುವೆ ಇದ್ದೆ.

ಓಟಕ್ಕೆ ಹತ್ತು ದಿನವಿರುವಾಗ ಸಿಡಿಲು ಬಡಿಯಿತು. ಮೇಡಂ ಅವರು ನನ್ನನ್ನು ಕರೆದು, "ಸಾಹೇಬರಿಗೆ ಹೇಳಿದೀನಿ. ನೀವು ಮೊದಲ ಹತ್ತರಲ್ಲಿ ಬರ್ತೀರಿ ಅಂತ. ಅವರೇ ಬಂದು ಹಾರ ಹಾಕ್ತಾರೆ" ಎಂದರು. ಕಚೇರಿಯ ಹೆಸರು ಮುದ್ರಿಸಿದ ಬನಿಯನ್ ಒಂದನ್ನು ಕೈಗಿಟ್ಟರು. ಅದು ಹಗುರವಾದ ಬಟ್ಟೆಯೇ. ಆದರೂ ಮನೆಗೆ ಒಯ್ಯುವಷ್ಟರಲ್ಲಿ ನನ್ನ ಭುಜ ಜಗ್ಗಿತು. ಸತ್ಯ ಹೇಳಿದರೆ ಸುಳ್ಳುಗಾರ, ಹೇಳದೆ ಓಡಿದರೆ ಎಲ್ಲರೆದುರು ಸುಳ್ಳುಗಾರ. ಇಷ್ಟು ವರ್ಷ ತಪ್ಪಾಗದಂತೆ ಕಾಪಾಡಿಕೊಂಡು ಬಂದ ಒಂದೇ ಒಂದು ಆಸ್ತಿ, ಅಂದರೆ 'ಸರಿಯಾದ ಮನುಷ್ಯ' ಎಂಬ ಹೆಸರು, ಇಪ್ಪತ್ತೊಂದು ಕಿಲೋಮೀಟರಿನ ಉದ್ದಕ್ಕೂ ಹರಾಜಾಗುವುದಿತ್ತು.

ಓಟದ ಭಾನುವಾರ ನಾನು ಮೊದಲ ಕಿಲೋಮೀಟರಿನಲ್ಲಿಯೇ ಹಿಂದೆ ಬಿದ್ದೆ. ಐದನೆಯದರಲ್ಲಿ ನನ್ನನ್ನು ದಾಟಿ ಹೋದ ಹಿರಿಯರೊಬ್ಬರು "ಉಸಿರು ಮೂಗಿನಲ್ಲಿ ತಗೊಳಪ್ಪ" ಎಂದು ಸಲಹೆ ನೀಡಿದರು. ನನಗೆ ಅದು ಕಿವಿಯಲ್ಲಿ ಬರುತ್ತಿತ್ತು. ಚನ್ನಪಟ್ಟಣದ ಹೊರಗೆ ತಿರುಗಿಕೊಳ್ಳುವಲ್ಲಿ ಬೊಂಬೆ ಅಂಗಡಿಗಳ ಮುಂದೆ ಸಾಲಾಗಿ ನಿಂತಿದ್ದ ಮರದ ಬೊಂಬೆಗಳು ಗಾಳಿಗೆ ನನ್ನನ್ನು ನೋಡಿ ಇಲ್ಲ, ಇಲ್ಲ ಎಂದು ತಲೆಯಾಡಿಸಿದವು. ಅಲ್ಲಿಂದ ಮುಂದೆ ನನ್ನ ಹಿಂದೆ ಒಂದು ಆಂಬುಲೆನ್ಸು ಮಾತ್ರ ಇತ್ತು. ಅದು ಕೊನೆಯ ಓಟಗಾರನ ಹಿಂದೆ ಬರುವುದು ಕ್ರಮವಂತೆ. ಚಾಲಕ ಆಗಾಗ ಕತ್ತು ಹೊರಚಾಚಿ ನನ್ನನ್ನು ಪರಿಶೀಲಿಸುತ್ತಿದ್ದ.

ಕೆಂಗಲ್ ಆಂಜನೇಯನ ಗುಡಿಯ ಮುಂದೆ, ಇನ್ನೂ ಏಳು ಕಿಲೋಮೀಟರು ಉಳಿದಿರುವಾಗ, ಪರಿಚಿತವಾದ ಕೆಮ್ಮು ಕೇಳಿಸಿತು.

"ಹತ್ತ್ಲಾ" ಎಂದರು ಮಾವ. ಅಂದು ಕ್ಯಾನುಗಳಿರಲಿಲ್ಲ. ನನಗಾಗಿಯೇ ಬಂದಿದ್ದರು. "ಹಳ್ಳದ ಪಕ್ಕದ ದಾರೀಲಿ ಕರ್ಕೊಂಡೋಗಿ ರಾಮನಗರದ ತಿರುವಲ್ಲಿ ಇಳಿಸ್ತೀನಿ. ಯಾರ್ಗೂ ಕಾಣಕ್ಕಿಲ್ಲ. ಮುಖ ನೋಡ್ಕೊ ಒಸಿ, ಹೆಣ ಆಗೋಗಿದ್ದೀಯ."

ನಾನು ಸೀಟನ್ನು ನೋಡಿದೆ. ಅದರ ಹರಿದ ಮೂಲೆ, ಅದಕ್ಕೆ ಕಟ್ಟಿದ ಗೋಣಿಚೀಲ, ಎಲ್ಲವೂ ತವರಿನಂತೆ ಕಂಡವು. ತಿರುವಿನಲ್ಲಿ ಇಳಿದರೆ ಸಾಹೇಬರು, ಹಾರ, ಮಾನ ಎಲ್ಲವೂ ಉಳಿಯುತ್ತಿದ್ದವು. ನಾಲ್ಕು ತಿಂಗಳ ಅಭ್ಯಾಸವೂ ಅದೇ ಆಗಿತ್ತು. ಕಾಲು ತಾನಾಗಿಯೇ ಅರ್ಧ ಎದ್ದಿತು.

"ಬ್ಯಾಡ ಮಾವ" ಎಂದೆ.

ಮಾವ ಗಾಡಿಯ ಎಂಜಿನ್ನು ಆರಿಸಿದರು. "ನನ್ ಗಾಡಿ ಬ್ಯಾಡ ಅಂದಿದ್ದು ಇವತ್ತೇ ನೀನು" ಎಂದರು ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಾನು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ: ಫೋನು, ಸರಾಸರಿ, ಮೇಡಂ, ಹಾರ. "ಇದೊಂದು ಪರೀಕ್ಸೆ ಮಾವ. ನಾನೇ ಬರೀಬೇಕು."

ಅವರು ಗುಡಿಯ ಕಡೆಗೆ ಒಮ್ಮೆ ಕೈ ಮುಗಿದರು. "ಆವತ್ತೂ ನಾನು ಬಾಗ್ಲ ತಂಕ ತಾನೆ ಬುಟ್ಟಿದ್ದು. ಒಳಿಕೋಗಿ ಬರ್ದಿದ್ದು ನೀನೇಯ" ಎಂದರು. ಆಮೇಲೆ ಗಾಡಿ ಚಾಲೂ ಮಾಡಿ, "ನಡಿ. ಬಾಗ್ಲ ತಂಕ ಪಕ್ದಲ್ಲೇ ಬತ್ತೀನಿ. ಅಂದಂಗೆ, ಅಷ್ಟು ದಿನ ಫಸ್ಟ್ ಬತ್ತಾ ಇದ್ದಿದ್ದು ನನ್ ಗಾಡಿ ಅನ್ನು" ಎಂದರು. ಅವರ ದನಿಯಲ್ಲಿ ತಪ್ಪು ಮಾಡಿದ ಭಾವಕ್ಕಿಂತ ಅಭಿಮಾನ ಹೆಚ್ಚಿತ್ತು.

ಉಳಿದ ಏಳು ಕಿಲೋಮೀಟರನ್ನು ಎಡಗಡೆ ಮೊಪೆಡ್ಡು, ಹಿಂದುಗಡೆ ಆಂಬುಲೆನ್ಸು, ನಡುವೆ ನಾನು ಎಂಬ ಮೆರವಣಿಗೆಯಲ್ಲಿ ಕ್ರಮಿಸಿದೆವು. ರಾಮನಗರ ಮುಟ್ಟುವಾಗ ಓಟ ಆರಂಭವಾಗಿ ಮೂರು ಗಂಟೆ ದಾಟಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಸಾಹೇಬರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಹೋಗಿದ್ದರು. ಮೇಡಂ ಅವರು ಮಾತ್ರ ಬಾಡಿದ ಸೇವಂತಿಗೆ ಹಾರವನ್ನು ಹಿಡಿದುಕೊಂಡು, ಅದಕ್ಕಿಂತ ಬಾಡಿದ ಮುಖದಲ್ಲಿ ನಿಂತಿದ್ದರು.

"ಏನ್ರೀ ಇದು? ಕಿಲೋಮೀಟರಿಗೆ ನಾಲ್ಕು ನಿಮಿಷ ಅಂತಿತ್ತಲ್ಲ?"

ನಾಲ್ಕು ತಿಂಗಳಿನಿಂದ ಕರಡಿನಲ್ಲೇ ಉಳಿದಿದ್ದ ತಿದ್ದುಪಡಿಯನ್ನು ಹೇಳಲು ನನ್ನಲ್ಲಿ ಉಸಿರಿರಲಿಲ್ಲ. ಮೊಪೆಡ್ಡಿನ ಕಡೆ ಬೆರಳು ತೋರಿಸಿದೆ. "ಅದು ಇದರ ವೇಗ, ಮೇಡಂ."

ಮೇಡಂ ಅವರು ಗಾಡಿಯನ್ನು ನೋಡಿದರು, ಕ್ಯಾನು ನೇತುಹಾಕುವ ಕೊಕ್ಕೆಗಳನ್ನು ನೋಡಿದರು, ಮಾವನನ್ನು ನೋಡಿದರು. "ಹಾಗಾದ್ರೆ ಈ ಹಾರ ಯಾರಿಗೆ ಹಾಕ್ಬೇಕು, ನೀವೇ ಹೇಳಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ ವಿನಯದಿಂದ ಮೊಪೆಡ್ಡನ್ನು ಎರಡಡಿ ಮುಂದಕ್ಕೆ ತಳ್ಳಿ ನಿಲ್ಲಿಸಿದರು. ಮೇಡಂ ಅವರು ಒಂದು ಕ್ಷಣ ತುಟಿ ಬಿಗಿಹಿಡಿದರು. ಅನಂತರ ನಗು ತಡೆಯಲಾರದೆ ಹಾರವನ್ನು ಅದರ ಹ್ಯಾಂಡಲ್ಲಿಗೆ ಹಾಕಿಯೇಬಿಟ್ಟರು. "ಸೋಮವಾರ ಲಿಖಿತ ವಿವರಣೆ ಕೊಡಿ" ಎಂದು ನನಗೆ ಹೇಳಿದರು. ಅದು ತಮಾಷೆಯೋ ಆದೇಶವೋ ಎಂದು ತಿಳಿಯದೆ ನಾನು ಎರಡು ಪುಟ ಬರೆದುಕೊಟ್ಟೆ. ಅವರು ಅದರ ಮೇಲೆ 'ನೋಡಿದೆ' ಎಂದಷ್ಟೇ ಬರೆದಿದ್ದಾರೆ.

ಓಟ ಮುಗಿಸಿದವರಿಗೆಲ್ಲ ಕೊಡುವ ಪದಕವನ್ನು ನಾನು ಪಡೆದು ಬರುವಷ್ಟರಲ್ಲಿ ಮಾವ ಹೊರಟಾಗಿತ್ತು. "ನೀನೆಂಗೂ ಹತ್ತಕ್ಕಿಲ್ವಲ್ಲ" ಎಂದು ಕೂಗಿ ಹೇಳಿ, ಹಾರ ಹಾಕಿದ ಗಾಡಿಯನ್ನು ಊರಿಗೆ ತೋರಿಸಲು ಹೋದರು. ನಾನು ಬಸ್ಸಿನಲ್ಲಿ ಕೆಂಗಲ್ಲಿಗೆ ಬಂದಿಳಿದೆ. ಮುಂದಿನ ಮೂರು ಕಿಲೋಮೀಟರು ನನ್ನೆದುರಿಗೆ ಮಲಗಿತ್ತು. ನನ್ನ ಕಾಲುಗಳು ಆಗಲೇ ನನ್ನವಾಗಿ ಉಳಿದಿರಲಿಲ್ಲ. ಪರಿಚಿತರ ಬೈಕೊಂದು ಬಂತು, ನಿಧಾನಿಸಿತು, "ಬೋರೇಗೌಡ್ರು ಎಲ್ಲಾ ಹೇಳಿದ್ರು, ಓಡು ಓಡು" ಎಂದು ಮುಂದೆ ಹೋಯಿತು. ಎರಡನೆಯದು ನಿಧಾನಿಸಲೂ ಇಲ್ಲ; ನನ್ನ ವ್ರತಕ್ಕೆ ಭಂಗ ಬರಬಾರದೆಂದು ಗೌರವದಿಂದ ಆಚೆ ಬದಿಗೆ ಸರಿದು ಹೋಯಿತು. ಡೈರಿಯಲ್ಲಿ ಸುದ್ದಿ ಹಬ್ಬಿದರೆ ಜಿಲ್ಲೆಗೇ ಹಬ್ಬಿದಂತೆ.

ಕೊನೆಗೆ ನಮ್ಮೂರಿನ ಹೆಂಗಸರು ಮಕ್ಕಳು ತುಂಬಿದ ಆಟೋ ಒಂದು ಬಂತು. ಅಷ್ಟು ವರ್ಷದ ಓದು, ಸಂಕೋಚ, ಸರಿತಪ್ಪು ಎಲ್ಲವನ್ನೂ ಬದಿಗಿಟ್ಟು, ನಾನು ರಸ್ತೆಯ ನಡುವಿಗೆ ಬಂದು ಕೈ ಅಡ್ಡ ಹಾಕಿದೆ.

ಅವರೆಲ್ಲರೂ ನನ್ನತ್ತ ಕೈ ಬೀಸಿ ಹೊರಟುಹೋದರು.