ಕಂಟೇನರಿನಲ್ಲಿ ಡೇಟಾಬೇಸ್, ಪಕ್ಕದಲ್ಲಿ ತೆಂಗಿನಕಾಯಿ

ಡೇಟಾಬೇಸ್ ಕೂರಿಸುವುದು ತಾಂತ್ರಿಕ ಕೆಲಸ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಚೆನ್ನೈಯ ಸೌಕಾರ್‌ಪೇಟೆ ನೋಡಿದವರಲ್ಲ. ನಾನು ಹೋದ ಕಡೆಯೆಲ್ಲ ಯಂತ್ರ ತೆಪ್ಪಗಿರುತ್ತದೆ; ಅದರ ಸುತ್ತಲಿನವರು ತೆಪ್ಪಗಿರುವುದಿಲ್ಲ.

ಎರಡು ಸಾವಿರದ ದಶಕದ ಕೊನೆ. ಒಂದು ಸೀರೆ ಸಗಟು ಅಂಗಡಿ. ಯಜಮಾನರದು ಹುಬ್ಬಳ್ಳಿ ಕಡೆಯ ಮನೆತನ, ಆದರೆ ಹುಟ್ಟಿದ್ದು ಚೆನ್ನೈಯಲ್ಲಿ. ಹಾಗಾಗಿ ಕನ್ನಡ ವಾಕ್ಯದ ಬಾಲಕ್ಕೆ ತಮಿಳಿನ ‘ಮಾ’. ಕರಾರು ಸರಳ. ದೀಪಾವಳಿ ವ್ಯಾಪಾರದಲ್ಲಿ ಬಿಲ್ಲಿಂಗ್ ನಿಂತರೆ ಯಂತ್ರದ ಜೊತೆ ನಾನೂ ಬೀದಿಗೆ. ನಿಲ್ಲದಿದ್ದರೆ ಅವರ ಉಳಿದ ಅಂಗಡಿಗಳ ಕೆಲಸವೂ ನನಗೆ.

೧. ನೀರಿನ ಪ್ರಶ್ನೆ

ಇದ್ದದ್ದು ಒಂದೇ ಸರ್ವರ್. ಬಿಲ್ಲಿಂಗ್, ಈಮೇಲ್ ಎಲ್ಲ ಅದರಲ್ಲೇ. ಡೇಟಾಬೇಸನ್ನು ಪ್ರತ್ಯೇಕವಾಗಿ ಕಂಟೇನರಿನಲ್ಲಿ ಇಡುತ್ತೇನೆ ಎಂದೆ.

“ಏನದು ಮಾ?”

“ಒಂದೇ ಮನೇಲಿ ಗೋಡೆ ಹಾಕಿ ಬೇರೆ ಬೇರೆ ಬಾಡಿಗೆದಾರರನ್ನ ಇಟ್ಟ ಹಾಗೆ, ಯಜಮಾನ್ರೇ. ಒಬ್ಬರ ತಂಟೆ ಇನ್ನೊಬ್ಬರಿಗಿಲ್ಲ.”

ಅವರು ಯೋಚಿಸಿದರು. “ಪಕ್ಕದವ ಮೋಟರ್ ಹಾಕಿ ನೀರೆಲ್ಲಾ ಎಳಕೊಂಡ್ರ?”

“ಎಳೆಯೋಕಾಗಲ್ಲ. ಯಾರಿಗೆ ಎಷ್ಟು ಮೆಮೊರಿ ಅಂತ ಮಿತಿ ಹಾಕಿದೀನಿ.”

“ಭೇಷ್! ಕೀಲ್ಪಾಕಿನ ನಮ್ಮ ಅಪಾರ್ಟ್‌ಮೆಂಟಿಗೂ ಇದನ್ನ ಹಾಕಿಕೊಡ್ತೀಯೇನು ಮಾ?”

೨. ಮೊದಲ ಗಿರಾಕಿ

ಗಿರಾಕಿಗಳ ಪಟ್ಟಿಯಲ್ಲಿ ಮೊದಲ ಸಾಲು ವಡಪಳನಿ ಮುರುಗನಿಗೇ ಎಂದು ಯಜಮಾನರ ಹಟ. ಫೋನ್ ನಂಬರ್ ಇಲ್ಲದ ಸಾಲನ್ನು ನನ್ನ ಡೇಟಾಬೇಸ್ ಒಪ್ಪುವುದಿಲ್ಲ. ದೇವರಿಗೂ ವಿನಾಯಿತಿ ಇಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದೆ. ಯಜಮಾನರು ತಮ್ಮ ನಂಬರನ್ನೇ ಕೊಟ್ಟರು.

ಬಹಳ ದಿನ ಖರೀದಿ ಮಾಡದವರಿಗೆ ತಾನಾಗಿ ಒಂದು ಎಸ್ಸೆಮ್ಮೆಸ್ ಹೋಗುವಂತೆ ಮಾಡಿದ್ದೆವು. ಒಂದು ದಿನ ಯಜಮಾನರು ಮೊಬೈಲ್ ಹಿಡಿದು ಬಂದರು. ಅದರಲ್ಲಿ: “ಶ್ರೀ ಮುರುಗನ್ ಅವರೇ, ತಾವು ನಮ್ಮ ಅಂಗಡಿಗೆ ಬಂದು ಬಹಳ ದಿನಗಳಾದವು.”

ಬೈಗುಳಕ್ಕೆ ಸಿದ್ಧಳಾದೆ. ಅವರು ನಿಟ್ಟುಸಿರುಬಿಟ್ಟರು. “ಖರೇ ಐತಿ ಮಾ. ಅದಕ್ಕೇ ವ್ಯಾಪಾರ ಡಲ್ಲು.”

೩. ಸ್ಥಳಾಂತರ

ದೀಪಾವಳಿಗೆ ಮೊದಲು ಆಯುಧಪೂಜೆ ಬಂತು. ಆ ದಿನ ಉಪಕರಣಗಳಿಗೆ ವಿಶ್ರಾಂತಿ. ಸರ್ವರ್ ಕೂಡ ಉಪಕರಣವೇ ಎಂದು ಯಜಮಾನರ ತಾಯಿ ತೀರ್ಪು ಕೊಟ್ಟರು. ವಾದ ಮಾಡಲಿಲ್ಲ. ಆರಿಸುವ ಮೊದಲು ಇಡೀ ಕಂಟೇನರಿನ ಪ್ರತಿ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ನಾನು ನಂಬುವುದು ಪ್ರತಿಗಳನ್ನು ಮಾತ್ರ.

ಆ ಅಜ್ಜಿಯೇ ಸರ್ವರ್‌ಗೆ ಗಂಧ, ಕುಂಕುಮ, ಹಾರ ಏರಿಸಿದರು. ಪಕ್ಕದಲ್ಲೇ ತೆಂಗಿನಕಾಯಿ ಒಡೆದರು. ಕಾಯಿಯ ನೀರೆಲ್ಲ ನನ್ನ ಕಣ್ಣು ತಪ್ಪಿಸಿ ಸರ್ವರಿನ ಗಾಳಿ ಕಿಂಡಿಯೊಳಗೆ.

ವಿಜಯದಶಮಿಯ ಬೆಳಿಗ್ಗೆ ಸ್ವಿಚ್ ಒತ್ತಿದರೆ ಪಟ್ ಎಂಬ ಸದ್ದು, ಸುಟ್ಟ ವಾಸನೆ. ಹೊರಗೆ ಊರೂರಿನಿಂದ ಬಂದ ವ್ಯಾಪಾರಿಗಳು ಸೀರೆ ಕಟ್ಟುಗಳನ್ನು ಹೊತ್ತು ಬಿಲ್ಲಿಗೆ ನಿಂತಿದ್ದಾರೆ.

“ಹೋತೇನು ಮಾ?” ಎಂದರು ಯಜಮಾನರು. ಮುಖ ಬಿಳಿಚಿತ್ತು.

“ಮಹಡಿ ಮೇಲೆ ನೀವು ಇಸ್ಪೀಟ್ ಆಡೋ ಕಂಪ್ಯೂಟರ್ ಕೊಡಿ.”

ಇಂಥ ಗಳಿಗೆಗೆಂದೇ ಅದರಲ್ಲೂ ಕಂಟೇನರಿನ ವ್ಯವಸ್ಥೆ ಮಾಡಿಟ್ಟಿದ್ದೆ. ಪ್ರತಿಯನ್ನು ಇಳಿಸಿದೆ, ಚಾಲೂ ಮಾಡಿದೆ. ಯಜಮಾನರ ಚಹಾ ಆರುವ ಮೊದಲೇ ಮೊದಲ ಬಿಲ್ ಹೊರಬಂತು. ಮುರುಗನೂ ತನ್ನ ಮೊದಲ ಸಾಲಿನಲ್ಲೇ ಇದ್ದ. ಸುಲಭವಾಗಿ ಬೀಗುವವಳಲ್ಲ ನಾನು, ಅವತ್ತು ಬೀಗಿದೆ.

“ಉಳಿದ ಅಂಗಡಿಗಳದ್ದೂ ನೀನೇ ಮಾಡು ಮಾ,” ಎಂದರು ಯಜಮಾನರು.

ಅಷ್ಟರಲ್ಲಿ ಅಜ್ಜಿ ಬಂದರು. ಕೈಯಲ್ಲಿ ಇನ್ನೊಂದು ತೆಂಗಿನಕಾಯಿ. “ಈ ಮಷೀನಿಗೆ ಪೂಜಿ ಆಗಿಲ್ಲಲ್ಲವಾ.”

ನಾನು ಅಡ್ಡ ನಿಂತೆ. “ಅಜ್ಜೀ, ಒಳಗಿರೋದು ನೀವು ನಿನ್ನೆ ಪೂಜೆ ಮಾಡಿದ ಅದೇ ಡೇಟಾಬೇಸು! ಮನೆ ಬದಲಾಯಿಸಿದೆ, ಅಷ್ಟೇ.”

ಅಜ್ಜಿ ಒಪ್ಪಿ ಕಾಯಿ ಕೆಳಗಿಟ್ಟರು. ನಾನು ಉಸಿರು ಬಿಟ್ಟೆ.

“ಮನಿ ಬದಲಿ ಆತಂದ್ರ ಗೃಹಪ್ರವೇಶ ಬ್ಯಾಡೇನು?” ಎಂದವರೇ ಯಜಮಾನರತ್ತ ತಿರುಗಿದರು. “ಒಲಿ ತಾರೋ. ಇಲ್ಲೇ ಹಾಲು ಉಕ್ಕಸೋಣು.”