ಓಡುವ ಕೋಳಿಯಂಥ ದೇಶ

ನನಗಿರುವ ವಿಚಿತ್ರ ಕಾಯಿಲೆಯೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರಿಗೆಲ್ಲ ಹಂಬಲಿಸಲು ಒಂದೊಂದು ಊರಿರುತ್ತದೆ. ಒಬ್ಬರಿಗೆ ಹುಬ್ಬಳ್ಳಿ, ಇನ್ನೊಬ್ಬರಿಗೆ ಮೈಸೂರು, ಮತ್ತೊಬ್ಬರಿಗೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರಿಗಿರುವ ಒಂದು ಖಾನಾವಳಿ. ಯುಗಾದಿಯ ಊಟಕ್ಕೆ ಒಟ್ಟಿಗೆ ಕೂತಾಗ ಎಲ್ಲರೂ ತಮ್ಮ ತಮ್ಮ ಊರಿನ ದಿಕ್ಕಿಗೆ ಒಂದೊಂದು ನಿಟ್ಟುಸಿರು ಬಿಡುತ್ತಾರೆ. ನಾನೂ ಬಿಡುತ್ತೇನೆ. ಆದರೆ ನನ್ನದು ಹೋಗುವುದು ಸ್ಲೊವೇನಿಯಾದ ಕಡೆಗೆ. ನಾನು ಅಲ್ಲಿ ಹುಟ್ಟಿಲ್ಲ, ಓದಿಲ್ಲ, ವಿಮಾನ ಬದಲಿಸಲು ಕೂಡ ಅಲ್ಲಿ ಇಳಿದಿಲ್ಲ. "ಮಂದಿ ಬಿಟ್ಟು ಬಂದ ಊರು ನೆನಸ್ತಾರ. ನೀವು ನೋಡಲಾರದ ಊರು ನೆನಸ್ಕೋತ ಕೂಡ್ತೀರಿ. ಡಾಕ್ಟರ್‌ಗೆ ತೋರಿಸೋಣೇನ್ರಿ?" ಎಂದು ನನ್ನ ಹೆಂಡತಿ ಗಿರಿಜಾ ಆಗಾಗ ಕೇಳುವುದುಂಟು. ಅವಳು ಧಾರವಾಡದವಳು, ತಮಾಷೆಯನ್ನೂ ತೀರ್ಪಿನ ಹಾಗೆ ಹೇಳುತ್ತಾಳೆ.

ಈ ಕಾಯಿಲೆ ಅಂಟಿದ್ದು ಆಫೀಸಿನಲ್ಲಿ. ಮಿಷಿಗನ್ನಿನ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಕಾರಿನ ಬಾಗಿಲಿನ ಸುತ್ತ ಒಂದು ಕಪ್ಪು ರಬ್ಬರಿನ ಪಟ್ಟಿ ಇರುತ್ತದಲ್ಲ, ಮಳೆನೀರು ಒಳಗೆ ಬಾರದ ಹಾಗೆ? ಜಗತ್ತಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಆ ಪಟ್ಟಿಗೆ ನಾನು ಹನ್ನೊಂದು ವರ್ಷಗಳನ್ನು ಕೊಟ್ಟಿದ್ದೇನೆ. ಅದು ಬರುತ್ತಿದ್ದುದು ಸ್ಲೊವೇನಿಯಾದ ಒಂದು ಸಣ್ಣ ಕಾರ್ಖಾನೆಯಿಂದ. ಅಲ್ಲಿ ರಫ್ತಿನ ಹೊಣೆ ಹೊತ್ತವನ ಹೆಸರು ಯಾನೆಜ್. ನನಗಿಂತ ಹತ್ತು ವರ್ಷ ದೊಡ್ಡವನು. ಆದರೆ ಇಂಗ್ಲಿಷಿನಲ್ಲಿ ಶುರುವಾದ ಸ್ನೇಹಕ್ಕೆ ಬಹುವಚನ ಗೊತ್ತಿಲ್ಲವಾದ್ದರಿಂದ ನನ್ನ ಮನಸ್ಸಿನಲ್ಲಿ ಅವನು ಏಕವಚನದಲ್ಲೇ ಉಳಿದುಬಿಟ್ಟಿದ್ದಾನೆ.

ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಫೋನು. ಅಲ್ಲಿ ಆಗ ಮಧ್ಯಾಹ್ನ ಎರಡು. ಮೊದಲ ವರ್ಷವೆಲ್ಲ ಬಿರುಕು ಬಿಟ್ಟ ಪಟ್ಟಿಗಳ ಬಗ್ಗೆ ಜಗಳವಾಡಿದೆವು. ಎರಡನೆಯ ವರ್ಷ ಜಗಳದ ನಡುವೆ ಹವಾಮಾನ ಬಂತು. ನಾನು ಫ್ಯಾರನ್‌ಹೀಟಿನಲ್ಲಿ ನಡುಗಿದರೆ ಅವನು ಸೆಂಟಿಗ್ರೇಡಿನಲ್ಲಿ ನಡುಗುತ್ತಿದ್ದ. ಮೂರನೆಯ ವರ್ಷದಲ್ಲಿ ಅವನು ತನ್ನ ಆಫೀಸಿನ ಕಿಟಕಿಯಿಂದ ಕಾಣುವುದನ್ನು ಹೇಳತೊಡಗಿದ. ತುದಿಯಲ್ಲಿ ಹಿಮ ಹೊತ್ತ ಬೆಟ್ಟ, ಕೆಳಗೆ ಹಸಿರು ನೀರಿನ ಹೊಳೆ, ದಂಡೆಯಲ್ಲಿ ಮೇಯುವ ಆರು ಹಸು, ಹಲಗೆಯ ಮೇಲೆ ಚಿತ್ರ ಬರೆದ ಜೇನುಪೆಟ್ಟಿಗೆಗಳು. "ಇವತ್ತು ಹಿಮ ಸ್ವಲ್ಪ ಕೆಳಗಿಳಿದಿದೆ" ಎನ್ನುತ್ತಿದ್ದ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನನ್ನ ಮ್ಯಾನೇಜರ್ ಆ ಕಡೆ ಹಾದುಹೋದಾಗ ನಾನು ಬೆಲೆಯ ಬಗ್ಗೆ ಗಾಢವಾಗಿ ಯೋಚಿಸುತ್ತಿದ್ದೇನೆ ಎಂದು ಭಾವಿಸಿ ಸದ್ದು ಮಾಡದೆ ಹೋಗುತ್ತಿದ್ದರು.

ಹೀಗೆ ನಾನು ಆ ದೇಶವನ್ನು ಕಿವಿಯಿಂದ ಕಲಿತೆ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾಗಳ ನಡುವೆ ಸಿಕ್ಕಿಕೊಂಡಿರುವ ಪುಟ್ಟ ದೇಶ. ಜನ ಎರಡು ಮಿಲಿಯನ್ ಸುಮಾರು. ಬೆಂಗಳೂರಿನ ಕೆಲವು ಬಡಾವಣೆಗಳನ್ನು ಕೂಡಿಸಿದರೆ ಅಷ್ಟಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಕಾಡು. ಸಮುದ್ರ ತೀರ ಮೂವತ್ತು ಮೈಲಿಯೂ ಇಲ್ಲ, ಕ್ಯಾಂಟನ್ನಿನ ನಮ್ಮ ಮನೆಯಿಂದ ಡೆಟ್ರಾಯ್ಟ್ ಪೇಟೆಗೆ ಹೋಗುವಷ್ಟು ಉದ್ದ. ಅಷ್ಟರಲ್ಲೇ ಕೋಪರ್ ಎಂಬ ಬಂದರು ಕಟ್ಟಿಕೊಂಡು ತಮ್ಮ ಸರಕನ್ನಷ್ಟೇ ಅಲ್ಲದೆ ಸಮುದ್ರವೇ ಇಲ್ಲದ ಆಸ್ಟ್ರಿಯಾ, ಹಂಗೇರಿಗಳ ಸರಕನ್ನೂ ಸಾಗಿಸುತ್ತಾರೆ. ಮಿಷಿಗನ್ನಿನವರು ಕೈಗವಸಿನ ಆಕಾರದ ನಮ್ಮ ರಾಜ್ಯ ತೋರಿಸಲು ಬಲಗೈ ಎತ್ತಿ ಅಂಗೈ ಮೇಲೆ ಬೊಟ್ಟಿಡುತ್ತಾರಷ್ಟೆ? ಆ ದೇಶದ ನಕ್ಷೆ ಓಡುತ್ತಿರುವ ಕೋಳಿಯಂತೆ ಕಾಣುತ್ತದೆ ಎಂದು ಅಲ್ಲಿನವರೇ ನಗುತ್ತಾರಂತೆ. "ನಮ್ಮ ಕಾರ್ಖಾನೆ ಕೋಳಿಯ ಕುತ್ತಿಗೆಯ ಹತ್ತಿರ" ಎಂದಿದ್ದ ಯಾನೆಜ್. "ನಮ್ಮ ಮನೆ ಹೆಬ್ಬೆರಳಿನ ಬುಡದ ಕೆಳಗೆ" ಎಂದಿದ್ದೆ ನಾನು.

ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಿರಿಜಾ ಕೂಡ ಅದನ್ನೇ ಕೇಳುತ್ತಾಳೆ. ವೀಸಾದ ಮೇಲೆ ಬದುಕುವವನು ಈ ದೇಶದ ಗಡಿ ದಾಟಿದರೆ ಮರಳಿ ಬರಲು ಪಾಸ್‌ಪೋರ್ಟಿಗೆ ಮತ್ತೆ ಮುದ್ರೆ ಒತ್ತಿಸಿಕೊಳ್ಳಬೇಕು. ಊರಲ್ಲಿ ಮದುವೆಯೋ ಸಾವೋ ಆದರೆ ಆ ಧೈರ್ಯ ಮಾಡುತ್ತೇವೆ. ಒಂದು ಬೆಟ್ಟ ನೋಡುವುದಕ್ಕೆ ಯಾರು ಮಾಡುತ್ತಾರೆ? ಆಮೇಲೆ ಕೊರೋನಾ ಬಂತು. ಆಮೇಲೆ ಕಂಪನಿ ಪ್ರಯಾಣಗಳನ್ನು ನಿಲ್ಲಿಸಿತು. ಹೋದ ವರ್ಷ ಗ್ರೀನ್ ಕಾರ್ಡ್ ಕೈಗೆ ಬಂದಾಗ ನನ್ನ ಹತ್ತಿರ ನೆಪಗಳೇ ಉಳಿಯಲಿಲ್ಲ. ಬರುವ ಬೇಸಿಗೆಗೆ ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಮಾರ್ಚಿನ ಒಂದು ಶುಕ್ರವಾರ ಮ್ಯಾನೇಜರ್ ಕರೆದು, ಹೊಸ ಸುಂಕದ ದೆಸೆಯಿಂದ ಯುರೋಪಿನ ಪಟ್ಟಿ ಇನ್ನು ಗಿಟ್ಟುವುದಿಲ್ಲ, ಜುಲೈಯಿಂದ ಮೆಕ್ಸಿಕೋದಿಂದ ತರಿಸೋಣ ಎಂದರು. ಅಧಿಕೃತ ಪತ್ರ ಹೋಗುವ ತನಕ ಅಲ್ಲಿಯವರಿಗೆ ಏನೂ ಹೇಳಬಾರದು ಎಂದೂ ಸೇರಿಸಿದರು.

ಮರುದಿನವೇ ನನ್ನ ಮಗಳು ಇಂಚರಾ ಯಾನೆಜ್‌ನನ್ನು ಸಂದರ್ಶಿಸುವುದಿತ್ತು. ಎಂಟನೆಯ ತರಗತಿಯ ಅವಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್: ಯುರೋಪಿನ ಒಂದು ಚಿಕ್ಕ ದೇಶ, ಅದರ ಭೂಗೋಳ, ಆರ್ಥಿಕತೆ, ವಿದೇಶ ವ್ಯಾಪಾರ. ಮೂರು ಮಡಿಕೆಯ ದೊಡ್ಡ ರಟ್ಟಿನ ಮೇಲೆ ಬರೆದು, ಅಂಟಿಸಿ, ತರಗತಿಯ ಮುಂದೆ ನಿಂತು ಹೇಳಬೇಕು. ಇಂಥ ಅಪ್ಪನಿರುವಾಗ ಬೇರೆ ದೇಶ ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ನಾನು ಎಷ್ಟು ಹುರುಪಿನಿಂದ ಸಹಾಯಕ್ಕೆ ನುಗ್ಗಿದೆನೆಂದರೆ ಎರಡನೆಯ ದಿನವೇ ಅವಳು ನನ್ನ ಕೈಯಿಂದ ಅಂಟಿನ ಕಡ್ಡಿ ಕಿತ್ತುಕೊಂಡು, "ಅಪ್ಪಾ, ಇಟ್ಸ್ ಮೈ ಪ್ರಾಜೆಕ್ಟ್. ಯು ಕ್ಯಾನ್ ಹ್ಯಾವ್ ಒನ್ ಕಾರ್ನರ್" ಎಂದಳು. ಆ ಮೂಲೆಯಲ್ಲಿ ನಾನು ಕೋಳಿಯ ನಕ್ಷೆ ಬರೆದೆ. ಗಿರಿಜಾ ನೋಡಿ, "ಇದು ಕೋಳಿನೋ, ಕೂತ ಆನಿನೋ?" ಎಂದಳು.

ಶನಿವಾರ ಬೆಳಿಗ್ಗೆ ವೀಡಿಯೋ ಕರೆಯಲ್ಲಿ ಯಾನೆಜ್ ತನ್ನ ಅಡುಗೆಮನೆಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದ. ಹನ್ನೊಂದು ವರ್ಷಗಳಲ್ಲಿ ನಾನು ಅವನ ಮುಖ ನೋಡಿದ್ದು ಅದೇ ಮೊದಲು. ನಮ್ಮ ಸೋಮವಾರಗಳಿಗೆ ಧ್ವನಿಯೇ ಸಾಕಾಗಿತ್ತು. ಅಮೆರಿಕದಿಂದ ನೀವು ಏನು ಆಮದು ಮಾಡಿಕೊಳ್ಳುತ್ತೀರಿ ಎಂದು ಇಂಚರಾ ಕೇಳಿದಳು. ಅವನು ಗಂಭೀರವಾಗಿ ಒಂದಿಷ್ಟು ಹೇಳಿ, "ನಮ್ಮ ಕಾರ್ಖಾನೆಯ ಮಟ್ಟಿಗೆ ಹೇಳುವುದಾದರೆ ಮುಖ್ಯವಾಗಿ ನಿಮ್ಮಪ್ಪನ ದೂರಿನ ಪತ್ರಗಳನ್ನು" ಎಂದ. ಇಂಚರಾ ಕಿಲಕಿಲ ನಕ್ಕಳು. ಅಮೆರಿಕದಲ್ಲಿ ನಿಮ್ಮ ದೊಡ್ಡ ಗಿರಾಕಿ ಯಾರು ಎಂದಳು. "ನಿಮ್ಮಪ್ಪ. ಬರೆದುಕೋ. ನಮ್ಮ ರಾತ್ರಿ ಪಾಳಿಯವರು ನಿಮ್ಮಪ್ಪನ ದಯೆಯಿಂದ ಊಟ ಮಾಡುತ್ತಾರೆ." ಅವಳು ಬರೆದುಕೊಂಡಳು. ಹಿಂದಿನ ದಿನದ ಮಾತು ಕೇಳಿಸಿಕೊಂಡಿದ್ದ ನಾನು ಅವಳ ಪಕ್ಕದಲ್ಲಿ ಕೂತು ಟೀ ಲೋಟದೊಳಗೆ ಇಣುಕಿ ನೋಡುತ್ತಿದ್ದೆ. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಕೊನೆಗೆ ಯಾನೆಜ್, ಏಪ್ರಿಲ್ ಕೊನೆಗೆ ಒಂದು ಮಾರಾಟ ಮೇಳಕ್ಕಾಗಿ ಷಿಕಾಗೋಗೆ ಬರುತ್ತಿದ್ದೇನೆ, ವಿಮಾನ ನಿಲ್ದಾಣದ ಹತ್ತಿರದ ಇಟಾಸ್ಕಾದಲ್ಲಿ ಇಳಿದುಕೊಳ್ಳುತ್ತೇನೆ, ಅದು ನಿಮಗೆ ಹತ್ತಿರವೇ ಎಂದು ಕೇಳಿದ. "ಪಕ್ಕದಲ್ಲೇ" ಎಂದೆ. ಪಕ್ಕ ಎಂದರೆ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ.

ಪತ್ರದಲ್ಲಿ ತಿಳಿಯುವ ಮೊದಲು ಎದುರಿಗೆ ಕೂತು ನಾನೇ ಹೇಳಬೇಕು ಎಂದು ನಿರ್ಧರಿಸಿದೆ. ನನ್ನಂಥವನು ತೆಗೆದುಕೊಂಡ ಅಪರೂಪದ ನಿರ್ಧಾರ ಅದು. ಗಿರಿಜಾ ಎರಡು ದಿನ ಮೊದಲೇ ಶೇಂಗಾ ಹೋಳಿಗೆ ಮಾಡಿದಳು. ಇಂಚರಾ ತನ್ನ ರಟ್ಟನ್ನು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದಳು; ಎ ಮೈನಸ್ ಬಂದಿದ್ದ ರಟ್ಟದು. ಕಲಮಜೂ ದಾಟುವವರೆಗೆ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದೆ. ಇಂಡಿಯಾನಾ ಬರುವಷ್ಟರಲ್ಲಿ ಅದು ಎಷ್ಟು ನಯವಾಯಿತೆಂದರೆ ನನಗೇ ಅರ್ಥವಾಗಲಿಲ್ಲ. "ನೇರ ಹೇಳ್ರಿ. ಸುತ್ತಿ ಬಳಸಿ ಹೇಳಿದ್ರ ಪಾಪ ಆ ಮನಶ್ಯಾ ಆರ್ಡರ್ ಹೆಚ್ಚಾಗೇತಿ ಅಂತ ತಿಳ್ಕೊಂಡಾನು" ಎಂದು ಹೇಳಿ ಗಿರಿಜಾ ಷಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ತನ್ನ ಚಿಕ್ಕಪ್ಪನ ಮಗಳ ಅಪಾರ್ಟ್‌ಮೆಂಟಿನ ಮುಂದೆ ಇಳಿದುಕೊಂಡಳು.

ಹೋಟೆಲಿನ ಹಜಾರದಲ್ಲಿ ಯಾನೆಜ್ ಎದ್ದು ನಿಂತ. ಪರದೆಯಲ್ಲಿ ದೊಡ್ಡವನಾಗಿ ಕಂಡಿದ್ದ ಅವನು ನನ್ನ ಭುಜದಷ್ಟೇ ಎತ್ತರವಿದ್ದ. ಕೈ ಕುಲುಕಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ಇಬ್ಬರೂ ಅರ್ಧರ್ಧ ಮಾಡಿ ಅವನ ಕನ್ನಡಕ ನನ್ನ ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು. ಹೋಳಿಗೆ ತಿಂದ. ಇನ್ನೊಂದು ತಿಂದ. "ಇದನ್ನು ರಫ್ತು ಮಾಡುತ್ತೀರಾ?" ಎಂದು ವ್ಯಾಪಾರದ ಧಾಟಿಯಲ್ಲೇ ಕೇಳಿದ. ಇಂಚರಾ ಮೇಜಿನ ಮೇಲೆ ರಟ್ಟನ್ನು ಬಿಡಿಸಿ ನಿಲ್ಲಿಸಿದಳು. ಅವನು ಕನ್ನಡಕ ಬದಲಿಸಿ ಒಂದೊಂದೇ ಅಕ್ಷರ ಓದುತ್ತ ಹೋದ. ವಿದೇಶ ವ್ಯಾಪಾರದ ಮಡಿಕೆಗೆ ಬಂದಾಗ, 'ಅಮೆರಿಕದ ಅತಿ ದೊಡ್ಡ ಗಿರಾಕಿ: ನನ್ನ ಅಪ್ಪ' ಎಂಬ ಸಾಲಿನ ಮೇಲೆ ಅವನ ಬೆರಳು ನಿಂತಿತು. ಇನ್ನು ತಡೆಯಲಾರೆ ಎನ್ನಿಸಿ, "ಯಾನೆಜ್, ಜುಲೈಯಿಂದ..." ಎಂದು ಶುರುಮಾಡಿದೆ. ಮುನ್ನೂರು ಮೈಲಿ ಅಭ್ಯಾಸ ಮಾಡಿದ್ದರಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ಗೊತ್ತು" ಎಂದ ಅವನು. "ಮುಂದಿನ ವರ್ಷ ಎಷ್ಟು ಪಟ್ಟಿ ಬೇಕೆಂಬ ಅಂದಾಜನ್ನು ನೀನು ಪ್ರತಿ ಮಾರ್ಚಿನಲ್ಲಿ ಕಳಿಸುತ್ತಿದ್ದೆ. ಈ ವರ್ಷ ಕಳಿಸಲಿಲ್ಲ. ಮೂರು ಸೋಮವಾರದಿಂದ ನೀನು ಒಂದು ದೂರನ್ನೂ ಹೇಳಿಲ್ಲ. ಅಷ್ಟು ಒಳ್ಳೆಯ ಪಟ್ಟಿ ನಾವು ಯಾವತ್ತೂ ಮಾಡಿಲ್ಲ, ನನಗೆ ಗೊತ್ತಿಲ್ಲವೇ?"

ಕಾರ್ಖಾನೆಯ ಗತಿ ಏನು ಎಂದು ಕೇಳಿದೆ. ಜರ್ಮನಿಯವರು ಇನ್ನಷ್ಟು ತೆಗೆದುಕೊಳ್ಳಬಹುದು, ಇಲ್ಲದಿದ್ದರೆ ರಾತ್ರಿ ಪಾಳಿ ನಿಲ್ಲುತ್ತದೆ ಎಂದ. ತಾನು ಹೇಗೂ ಜೂನಿನಲ್ಲಿ ನಿವೃತ್ತನಾಗುತ್ತೇನೆ, ಮೇಳಕ್ಕೆ ಬಂದದ್ದು ಉಳಿದವರಿಗಾಗಿ ಒಬ್ಬ ಹೊಸ ಗಿರಾಕಿ ಸಿಗುತ್ತಾನೋ ನೋಡಲು ಎಂದ. ಸಿಕ್ಕಿದನೇ ಎಂದು ಕೇಳುವ ಬದಲು ನಾನು ಹೋಳಿಗೆಯ ಡಬ್ಬಿಯನ್ನು ಅವನ ಕಡೆ ಸರಿಸಿದೆ.

ಮಾತು ಬದಲಿಸಲೆಂದೋ ಏನೋ ಇಂಚರಾ ಭೂಗೋಳದ ಮಡಿಕೆಯನ್ನು ಅವನ ಕಡೆ ತಿರುಗಿಸಿದಳು. ಅಲ್ಲಿ 'ಯಾನೆಜ್ ಅಂಕಲ್ ಕಿಟಕಿಯಿಂದ' ಎಂಬ ಹೆಸರಿನಲ್ಲಿ ಬೆಟ್ಟ, ಹೊಳೆ, ಎಣಿಸಿ ಆರು ಹಸು, ಜೇನುಪೆಟ್ಟಿಗೆಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದಳು. ನಾನೇ ಹೇಳಿಕೊಟ್ಟಿದ್ದು. ಅದನ್ನು ನೋಡಿ ಯಾನೆಜ್‌ನ ಕಿವಿಗಳು ಕೆಂಪಾದವು. "ಇದು ನನ್ನ ಅಜ್ಜಿಯ ಊರು" ಎಂದ ಮೆಲ್ಲಗೆ. "ನನ್ನ ಕಿಟಕಿಯಿಂದ ಕಾಣುವುದು ಟೈರ್ ಗೋದಾಮಿನ ಗೋಡೆ. ಅಜ್ಜಿ ಹೋದಮೇಲೆ ಆ ಊರಿಗೆ ಹೋಗುವುದೇ ತಪ್ಪಿಹೋಯಿತು. ಸೋಮವಾರ ಮಧ್ಯಾಹ್ನ ನಿನಗೆ ಹೇಳುವಾಗ ನಾನೂ ಸ್ವಲ್ಪ ಹೊತ್ತು ಅಲ್ಲಿರುತ್ತಿದ್ದೆ. ಕ್ಷಮಿಸು."

ಇಂಚರಾ ಬಾಯಿ ತೆರೆದಳು. "ಸೋ ಐ ಗಾಟ್ ಆ್ಯನ್ ಎ ಮೈನಸ್ ಫಾರ್ ಅ ಲೈ?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನನ್ನದೂ ಒಂದು ಸುಳ್ಳಿತ್ತು. ಅವನು ಬೆಟ್ಟದ ಬಗ್ಗೆ ಹೇಳಿದಾಗಲೆಲ್ಲ ಸುಮ್ಮನಿರಲಾರದೆ ನಾನು ನನ್ನ ಕಿಟಕಿಯ ಸರೋವರದ ಬಗ್ಗೆ ಹೇಳುತ್ತಿದ್ದೆ. ಬೆಳ್ಳಗಿನ ಹಕ್ಕಿಗಳು, ಸಂಜೆಯ ಬಿಸಿಲು, ಆಚೆ ದಡದ ಮರಗಳು. ಅದು ಪಾರ್ಕಿಂಗ್ ಲಾಟಿನ ಮಳೆನೀರು ಹರಿದು ನಿಲ್ಲುವ ಹೊಂಡ, ಹಕ್ಕಿಗಳೆಂದರೆ ಕಾರಿನ ಮೇಲೆ ಹೇಸಿಗೆ ಮಾಡುವ ಕೆನಡಾ ಬಾತುಗಳು, ಆಚೆ ದಡದಲ್ಲಿರುವುದು ಒಂದು ಬ್ಯಾಂಕು ಎಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಯಾನೆಜ್ ನಗಲು ಶುರುಮಾಡಿದವನು ನಿಲ್ಲಿಸಲಿಲ್ಲ. ನನಗೂ ತಡೆಯಲಾಗಲಿಲ್ಲ. ಕೌಂಟರಿನ ಹುಡುಗಿ ನೀರು ಬೇಕೇ ಎಂದು ಬಂದು ಕೇಳಿದಳು.

ಹೊರಡುವಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಕಿಟಕಿಯಷ್ಟೇ ಸುಳ್ಳು. ಬೆಟ್ಟ ನಿಜ, ಹೊಳೆ ನಿಜ. ಹಸು ಆರೇ ಇರುತ್ತವೆಂದು ಮಾತು ಕೊಡಲಾರೆ. ಜುಲೈನಲ್ಲಿ ನನಗೂ ಸೋಮವಾರಗಳು ಖಾಲಿ, ನಿನಗೂ ಖಾಲಿ. ಬಂದುಬಿಡು. ನಾನೂ ನೋಡಿ ಇಪ್ಪತ್ತು ವರ್ಷವಾಯಿತು, ಇಬ್ಬರೂ ಹೋಗೋಣ." ತಲೆಯಾಡಿಸಿದೆ.

ಮರುದಿನ ವಾಪಸು ಬರುವಾಗ ಗಿರಿಜಾಳಿಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಎಷ್ಟು ವರ್ಷದ ಆಸೆ, ಈ ಸಲವಾದರೂ ಹೋಗಲೇಬೇಕು ಎಂದು ನಾಲ್ಕೈದು ಸಲ ಅಂದಿರಬೇಕು. ಅವಳು ಫೋನು ನೋಡುತ್ತಿದ್ದಳು. ಮಿಷಿಗನ್ ಗಡಿ ದಾಟುವಾಗ ತಲೆಯೆತ್ತಿದಳು. "ಬುಕ್ ಮಾಡೇನಿ. ಮೂರೂ ಟಿಕೆಟ್. ಜುಲೈ ಎರಡನೇ ವಾರ."

ಅಷ್ಟು ವರ್ಷಗಳ ಹಂಬಲ ಕೈಗೆ ಬಂದ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ಕ್ಯಾನ್ಸಲ್ ಮಾಡಕ್ಕೆ ಎಷ್ಟ್ ಟೈಮ್ ಕೊಡ್ತಾರೆ?"

"ಇಪ್ಪತ್ನಾಲ್ಕು ತಾಸು" ಎಂದಳು ಗಿರಿಜಾ, ನನ್ನ ಕಡೆ ತಿರುಗಿ ಕೂಡ ನೋಡದೆ.

ನಾನು ಕೆಟ್ಟವನಲ್ಲ. ಆ ದೇಶದ ವೀಸಾಕ್ಕೆ ಇನ್ನೂ ಅಪ್ಲೈ ಮಾಡಿಲ್ಲ ಎಂಬುದು ನೆನಪಾಯಿತು, ರಜೆ ಕೇಳಿಲ್ಲ ಎಂಬುದು ನೆನಪಾಯಿತು, ಮನೆಯ ಹುಲ್ಲು ಕತ್ತರಿಸುವವರು ಯಾರು ಎಂಬ ಚಿಂತೆ ಹತ್ತಿತು. ಮುಂದಿನ ಐದು ಮೈಲಿಯಲ್ಲಿ ಇಂಥ ಎಂಟು ಕಾರಣಗಳು ಸಿಕ್ಕಿದವು. ಎಲ್ಲವೂ ಒಳ್ಳೆಯ ಕಾರಣಗಳೇ. ನನ್ನನ್ನು ನಾನು ಚೆನ್ನಾಗಿ ಬಲ್ಲೆನಾದ್ದರಿಂದ ಮೊದಲ ರೆಸ್ಟ್ ಏರಿಯಾದಲ್ಲೇ ಕಾರು ನಿಲ್ಲಿಸಿ, ಜೇಬಿನಿಂದ ಫೋನು ತೆಗೆದು, ಹಿಂದಿನ ಸೀಟಿನಲ್ಲಿದ್ದ ಇಂಚರಾಳ ಕೈಗೆ ಕೊಟ್ಟು, ನಾಳೆ ಇಷ್ಟು ಹೊತ್ತಿನವರೆಗೆ ನಾನು ಎಷ್ಟೇ ಬೇಡಿಕೊಂಡರೂ ವಾಪಸು ಕೊಡಬೇಡ ಎಂದೆ.

ತಪ್ಪು ಮಾಡಿದಾಗ ಫೋನು ಕಸಿಯುವ ಶಿಕ್ಷೆ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಅವಳಿಗಷ್ಟೇ ಆಗುತ್ತಿತ್ತು. ಅವಳು ಫೋನನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. "ಅಪ್ಪಾ, ಆರ್ ಯು ಗ್ರೌಂಡಿಂಗ್ ಯುವರ್‌ಸೆಲ್ಫ್?"