ತಪ್ಪಿಗೊಂದು ಚಪ್ಪಾಳೆ

ನಮ್ಮ ಮಿದುಳು ಮೇಷ್ಟ್ರು ಗುರುವಾರ ಸಂಜೆ, ಶಾಲೆ ಬಿಟ್ಟ ಮೇಲೆ, ಸೈಕಲ್ ಸ್ಟ್ಯಾಂಡಿನ ಬಳಿ ತೀರಿಕೊಂಡರು. ಹೃದಯಾಘಾತ. ಮಿದುಳಿನ ಬಗ್ಗೆ ಕಪಾಟು ತುಂಬ ಪುಸ್ತಕ ಓದಿದ್ದ ಮನುಷ್ಯ ಎದೆಯನ್ನು ಒಮ್ಮೆಯೂ ಡಾಕ್ಟರಿಗೆ ತೋರಿಸಿರಲಿಲ್ಲ.

ವರ್ಷದ ಮೊದಲಲ್ಲಿ ಅವರು ಸ್ಟಾಫ್ ರೂಮಿನಲ್ಲಿ ಘೋಷಿಸಿದ್ದರು: "ಇನ್ಮೇಲೆ ಏಳನೇ 'ಬಿ'ಯಲ್ಲಿ ಉರು ಹೊಡೆಯೋದು ಬಂದ್! ನಾನು ಉತ್ತರ ಹೇಳೋಕೆ ಮುಂಚೆ ಮಕ್ಕಳು ಊಹಿಸಬೇಕು. ಊಹೆ ತಪ್ಪಾದಾಗಲೇ ಮಿದುಳು ಕಿವಿ ನಿಮಿರಿಸೋದು!"

"ಮಿದುಳಿಗೂ ಕಿವಿ ಇರುತ್ತಾ?" ಎಂದರು ಡ್ರಾಯಿಂಗ್ ಮೇಷ್ಟ್ರು.

"ಊಹಿಸಿ!"

ತಪ್ಪು ಊಹೆಗೆ ತರಗತಿಯೆಲ್ಲ ಚಪ್ಪಾಳೆ ತಟ್ಟಬೇಕೆಂದು ಕಾನೂನಾಯಿತು. ಭಯ ಹೋದರೆ ಬುದ್ಧಿ ಬರುತ್ತದೆಂದು ಅವರ ವಾದ. 'ದಡ್ಡರ ಕೊಟ್ಟಿಗೆ' ಎನಿಸಿಕೊಂಡಿದ್ದ ತರಗತಿಯಲ್ಲಿ ಒಂದೊಂದಾಗಿ ಕೈಗಳು ಮೇಲೆದ್ದವು.

ವಿದ್ಯೆ ಮನೆಗೂ ಬಂತು. ಹೆಂಡತಿ "ಗ್ಯಾಸ್‌ಗೆ ಹೇಳಿದ್ರಾ?" ಎಂದರೆ "ಊಹಿಸು!" ಆಕೆಯ ಊಹೆ ತಪ್ಪಾಗಿ ಎರಡು ದಿನ ಒಲೆ ಉರಿಯಲಿಲ್ಲ, ಹೊಟ್ಟೆ ಉರಿಯಿತು. ಆದರೂ ಮೇಷ್ಟ್ರು ಚಪ್ಪಾಳೆ ತಟ್ಟಿದರು!

ಆ ಗುರುವಾರದ ಹಿಂದಿನ ದಿನ, ಬುಧವಾರ, ಶಿಕ್ಷಣಾಧಿಕಾರಿ ಬರುವವರಿದ್ದರು. ಅವರು ಒಪ್ಪದಿದ್ದರೆ ಮರುದಿನದಿಂದಲೇ ಉರು ಹೊಡೆಸಬೇಕೆಂದು ಹೆಡ್‌ಮಿಸ್ ಕಡ್ಡಿ ಮುರಿದಂತೆ ಹೇಳಿದ್ದರು. ಮಕ್ಕಳು ಎಲ್ಲಿಂದ ಎಲ್ಲಿಗೆ ಬಂದರೆಂಬುದಕ್ಕೆ ಪುರಾವೆ ಮೇಷ್ಟ್ರು ಬರೆದಿಟ್ಟಿದ್ದ ಒಂದೇ ಒಂದು ನೋಟ್‌ಬುಕ್. ಅದು ಮನೆಯ ಬೀರುವಿನೊಳಗೆ, ಬೀರುವಿಗೆ ಬೀಗ.

"ಏನ್ರೀ, ಬೀಗದ ಕೈ ಎಲ್ಲಿಟ್ರಿ?"

"ಊಹಿಸು!"

"ಊಹಿಸ್ತೀನಿ. ನಿಮಗೇ ಗೊತ್ತಿಲ್ಲ!"

ಚಪ್ಪಾಳೆಗೆಂದು ಎದ್ದ ಕೈಗಳು ಗಾಳಿಯಲ್ಲೇ ನಿಂತವು. ಊಹೆ ಸರಿಯಾಗಿತ್ತು!

ಮೇಷ್ಟ್ರು ಬರಿಗೈಯಲ್ಲೇ ಶಾಲೆಗೆ ಓಡಿದರು. ಅಧಿಕಾರಿ ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. "ನೆನಪು ಮಿದುಳಲ್ಲಿ ಎಲ್ಲಿರುತ್ತೆ, ಹೇಳಮ್ಮ?"

"ಮೊದಲು ನೀವು ಊಹಿಸಿ ಸಾರ್."

ಹೆಡ್‌ಮಿಸ್ ಬೆವರಿದರು. ಅಧಿಕಾರಿ ತಡವರಿಸಿದರು: "ಹಿಂದ್ಗಡೆ... ಒಂದು ಮೂಲೇಲಿ?"

ನಲವತ್ತು ಮಕ್ಕಳ ಚಪ್ಪಾಳೆ! ಅಧಿಕಾರಿ ಉಬ್ಬಿಹೋದರು. "ಸರಿಯಾಯ್ತಾ?"

"ಇಲ್ಲ ಸಾರ್, ತಪ್ಪು, ಅದಕ್ಕೇ ಚಪ್ಪಾಳೆ! ನೆನಪು ಒಂದೇ ಮೂಲೇಲಿ ಇರಲ್ಲ, ಹತ್ತಾರು ಕಡೆ ಹರಡಿಕೊಂಡಿರುತ್ತೆ. ಇನ್ನು ನೀವಿದನ್ನ ಮರೆಯಲ್ಲ ಬಿಡಿ!"

ಅಧಿಕಾರಿಯ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಡೆಸಿ ಮೇಷ್ಟ್ರೇ, ಹೀಗೇ ನಡೆಸಿ."

ಮರುದಿನ, ಗುರುವಾರದ ಕೊನೆಯ ಪೀರಿಯಡ್ಡಿನಲ್ಲಿ ಆ ಹುಡುಗಿ ತಾನೇ ಸೀಮೆಸುಣ್ಣ ಕೇಳಿ ತೆಗೆದುಕೊಂಡು ನರಕೋಶದ ಪಾಠ ಶುರುಮಾಡಿದಳು. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಹೇಗೋ ತೂರಿಕೊಂಡು ಕೂತರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಅಷ್ಟು ಬೀಗಿದ್ದನ್ನು ಯಾರೂ ನೋಡಿರಲಿಲ್ಲ. ಪ್ರಶ್ನೆ ಕೇಳಲು ಮತ್ತೆ ಮತ್ತೆ ಕೈ ಎತ್ತಿದರು.

"ಸಾರ್, ನೀವಾಗ್ಲೇ ಎರಡು ಸಲ ಕೇಳಿದ್ರಿ. ಬೇರೆಯವರಿಗೂ ಸ್ವಲ್ಪ ಬಿಡಿ!"

"ಸರಿ, ಮಿಸ್" ಎಂದು ಮೇಷ್ಟ್ರು ಕೈ ಇಳಿಸಿದರು.